ಸಾಕಿದ ಆಮೆ ಮತ್ತು ಬಂಧವೆಂಬ ಅತಿಚಾರ: ಗಿಲ್ಬರ್ಟ್ ವೈಟನ ಕೃತಿಯೊಂದರ ವಿಮರ್ಶೆ

ಜೈನ ಪರಂಪರೆಗೆ ಆಮೆ ಅಪರಿಚಿತವಾದ ಜೀವಿಯಲ್ಲ. ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತನಾಥರ ಲಾಂಛನ ಆಮೆ. ಪೀಠದ ಮೇಲೆ ಕೆತ್ತಿದ ಆ ಪುಟ್ಟ ಆಕೃತಿಯಿಂದಲೇ ಶ್ರಾವಕರು ಅವರ ಬಿಂಬವನ್ನು ಗುರುತಿಸುತ್ತಾರೆ. ಶ್ವೇತಾಂಬರ ಆಗಮಗಳಲ್ಲೊಂದಾದ ಜ್ಞಾತಾಧರ್ಮಕಥಾದ ನಾಲ್ಕನೆಯ ಅಧ್ಯಯನದ ಹೆಸರೇ ಕೂರ್ಮ. ಅಲ್ಲಿ ಎರಡು ಆಮೆಗಳು ನರಿಗಳ ಕಣ್ಣಿಗೆ ಬೀಳುತ್ತವೆ. ಆತುರಪಟ್ಟು ಒಂದೊಂದೇ ಕಾಲನ್ನು ಹೊರಚಾಚಿದ ಆಮೆ ಪ್ರಾಣ ಕಳೆದುಕೊಳ್ಳುತ್ತದೆ. ಅಂಗಗಳನ್ನು ಒಳಸೆಳೆದುಕೊಂಡು ಕಾದ ಆಮೆ ಬದುಕಿ ಉಳಿಯುತ್ತದೆ. ಇಂದ್ರಿಯನಿಗ್ರಹಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತ ದೊರೆಯುವುದು ಕಷ್ಟ.

ಆದರೆ ಸಂಕೇತವಾಗಿ ಪರಿಚಿತವಾದ ಪ್ರಾಣಿ ಜೀವಿಯಾಗಿ ಅಪರಿಚಿತವಾಗಿಯೇ ಉಳಿಯುವುದುಂಟು. ಮನೆಯಲ್ಲಿ ಆಮೆಯನ್ನಿರಿಸಿದರೆ ಶುಭವೆಂದು ನಂಬುವವರಿದ್ದಾರೆ. ಮಕ್ಕಳ ಸಂತೋಷಕ್ಕೆಂದು ತಂದವರಿದ್ದಾರೆ. ದಯೆಯಿಂದಲೇ ಕೊಂಡು ಬಸದಿಯ ಕೊಳಕ್ಕೆ ಬಿಟ್ಟವರಿದ್ದಾರೆ. ಇವರಲ್ಲಿ ಯಾರೂ ಹಿಂಸೆಯನ್ನು ಬಯಸಿದವರಲ್ಲ. ಆದುದರಿಂದಲೇ ಈ ವಿಷಯ ವಿಚಾರಯೋಗ್ಯವಾದುದು. ಹಿಂಸೆಯ ಉದ್ದೇಶವಿಲ್ಲದ, ಪ್ರೀತಿಯಿಂದಲೇ ಕೂಡಿದ ಸಾಕಣೆಯಲ್ಲಿ ದೋಷವಿರಬಹುದೇ? ಇದ್ದರೆ ಅದು ಎಲ್ಲಿದೆ? ಈ ಪ್ರಶ್ನೆಯನ್ನು ಪರೀಕ್ಷಿಸಲು ದೂರದೇಶದ ಒಂದು ಪ್ರಸಿದ್ಧ ಕೃತಿ ಒಳ್ಳೆಯ ಒರೆಗಲ್ಲಾಗಿ ಒದಗುತ್ತದೆ.

ಕೃತಿ ಮತ್ತು ಅದರ ಆಮೆ

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಗಿಲ್ಬರ್ಟ್ ವೈಟ್ (1720–1793) ತನ್ನ ಊರಿನ ಹಕ್ಕಿ, ಹುಳು, ಮಳೆ, ಮರಗಳನ್ನು ಜೀವಮಾನವಿಡೀ ನೋಡುತ್ತ ಬರೆದವನು. ಥಾಮಸ್ ಪೆನೆಂಟ್ ಮತ್ತು ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಬ್ಬರು ವಿದ್ವಾಂಸರಿಗೆ ಅವನು ಬರೆದ ಪತ್ರಗಳೇ ಸೆಲ್ಬೋರ್ನಿನ ನಿಸರ್ಗಚರಿತ್ರೆಯಾಗಿ 1789ರಲ್ಲಿ ಗ್ರಂಥರೂಪ ತಾಳಿದವು. ಅಂದಿನಿಂದ ಇಂದಿನವರೆಗೆ ಆ ಗ್ರಂಥ ಮರುಮುದ್ರಣಗೊಳ್ಳುತ್ತಲೇ ಬಂದಿದೆ. ಅದರ ಪುಟಗಳಲ್ಲಿ ಎಲ್ಲ ಓದುಗರ ನೆನಪಿನಲ್ಲಿ ಉಳಿಯುವ ಜೀವಿಯೆಂದರೆ ಒಂದು ನೆಲದಾಮೆ. ಅದರ ಹೆಸರು ತಿಮೋತಿ.

ಈ ಆಮೆ ಮೊದಲಿಗೆ ವೈಟನದಾಗಿರಲಿಲ್ಲ. ಸಸೆಕ್ಸ್ ಪ್ರಾಂತದ ರಿಂಗ್ಮರ್ ಎಂಬಲ್ಲಿದ್ದ ಅವನ ಸೋದರತ್ತೆ ರೆಬೆಕ್ಕಾ ಸ್ನೂಕ್ ಅವರ ಮನೆಗೆ ಅದು 1740ರ ಸುಮಾರಿಗೆ ಬಂದಿತ್ತು. ಚಿಚೆಸ್ಟರ್ ಪಟ್ಟಣದಲ್ಲಿ ಒಬ್ಬ ನಾವಿಕನಿಂದ ಅರ್ಧ ಕ್ರೌನಿಗೆ, ಎಂದರೆ ಎರಡೂವರೆ ಷಿಲ್ಲಿಂಗಿಗೆ, ಅದನ್ನು ಕೊಳ್ಳಲಾಯಿತೆಂದು ವೈಟನೇ ಹೇಳುತ್ತಾನೆ. ಸುಮಾರು ನಲವತ್ತು ವರ್ಷ ಆ ಮನೆಯ ಗೋಡೆಯೊಳಗಿನ ಸಣ್ಣ ಅಂಗಳದಲ್ಲಿ ಅದು ಬದುಕಿತು. 1780ರ ಮಾರ್ಚಿನಲ್ಲಿ ಅತ್ತೆ ತೀರಿಕೊಂಡ ಬಳಿಕ ವೈಟ್ ಅದನ್ನು ಸೆಲ್ಬೋರ್ನಿಗೆ ತಂದನು. 1793ರಲ್ಲಿ ಅವನು ಸತ್ತ ಮೇಲೆ ಮರುವರ್ಷ ಆಮೆಯೂ ಸತ್ತಿತು. ಅದರ ಚಿಪ್ಪು ಲಂಡನ್ನಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಮೆಡಿಟರೇನಿಯನ್ ಸಮುದ್ರದ ಆಸುಪಾಸಿನ ಬೆಚ್ಚನೆಯ ಒಣನಾಡಿಗೆ ಸೇರಿದ ಜಾತಿಯ ಆ ಜೀವಿ ಐವತ್ತಕ್ಕೂ ಹೆಚ್ಚು ವರ್ಷಗಳನ್ನು ಇಂಗ್ಲೆಂಡಿನ ಚಳಿ ಮಳೆಗಳಲ್ಲಿ, ಎರಡು ಮನೆಗಳ ತೋಟಗಳಲ್ಲಿ ಕಳೆಯಿತು.

ನೋಟದ ಹಿರಿಮೆ

ಕೃತಿಯ ಗುಣವನ್ನು ಮೊದಲು ಹೇಳುವುದು ವಿಮರ್ಶೆಯ ಧರ್ಮ. ವೈಟನ ಕಾಲದಲ್ಲಿ ಪ್ರಾಣಿಶಾಸ್ತ್ರವೆಂದರೆ ಬಹುಮಟ್ಟಿಗೆ ಸತ್ತ ಪ್ರಾಣಿಯ ಶಾಸ್ತ್ರ. ಹೊಡೆದು, ಒಣಗಿಸಿ, ಹೆಸರಿಟ್ಟು ಪೆಟ್ಟಿಗೆಯಲ್ಲಿಡುವ ವಿದ್ಯೆ. ವೈಟ್ ಬದುಕಿರುವ ಜೀವಿಯನ್ನು ಅದರ ದಿನಚರಿಯಲ್ಲಿ ನೋಡಿದನು. ಆಮೆ ನವೆಂಬರ್ ನಡುವೆ ಮಣ್ಣಿನೊಳಗೆ ಸೇರಿ ಏಪ್ರಿಲ್ ನಡುವೆ ಹೊರಬರುವುದನ್ನು, ವಸಂತದಲ್ಲಿ ಆಹಾರವನ್ನು ಅಷ್ಟಾಗಿ ಬಯಸದೆ ಬೇಸಿಗೆಯ ನಡುವೆ ಹೊಟ್ಟೆಬಾಕನಂತೆ ತಿಂದು ಶರತ್ಕಾಲದ ಕೊನೆಯ ವಾರಗಳಲ್ಲಿ ಮತ್ತೆ ತಿನ್ನುವುದನ್ನೇ ಬಿಡುವುದನ್ನು ಅವನು ವರ್ಷದಿಂದ ವರ್ಷಕ್ಕೆ ಗುರುತು ಹಾಕಿಕೊಂಡನು. ಲೆಟ್ಯೂಸ್, ಡ್ಯಾಂಡಿಲಿಯನ್ ಮೊದಲಾದ ಹಾಲು ಸುರಿಸುವ ಎಲೆಗಿಡಗಳು ಅದಕ್ಕೆ ಪ್ರಿಯವೆಂದು ಕಂಡುಕೊಂಡನು.

ಆಮೆಯ ವಾಸಸ್ಥಾನದ ವಿಷಯದಲ್ಲಿ ಅವನು ಬರೆದುದು ಇಂದಿನ ಪಶುವೈದ್ಯರಿಗೂ ಒಪ್ಪಿಗೆಯಾಗುವಂಥದು. ಗಡಿಯಾರದ ಸಣ್ಣ ಮುಳ್ಳಿನಷ್ಟು ನಿಧಾನವಾಗಿ ಅದು ತನ್ನ ಚಳಿಗಾಲದ ಗುಳಿಯನ್ನು ಮುಂಗಾಲುಗಳಿಂದ ತೋಡಿ, ಹಿಂಗಾಲುಗಳಿಂದ ಮಣ್ಣನ್ನು ಮೇಲೆತ್ತಿ ಹಾಕುವುದನ್ನು ಅವನು ದಿನಗಟ್ಟಲೆ ನೋಡಿದನು. ಸುಡುಬಿಸಿಲಿನಲ್ಲಿ ಅದು ಕೋಸಿನ ದೊಡ್ಡ ಎಲೆಯ ಕೊಡೆಯಡಿಯೋ ಆಸ್ಪರಾಗಸ್ ಪಾತಿಯ ನೆರಳಿನಲ್ಲೋ ಅಡಗುತ್ತಿತ್ತು. ಬಿಸಿಲು ಕುಗ್ಗಿದ ಋತುವಿನಲ್ಲಿ ಹಣ್ಣಿನ ಗಿಡಗಳ ಗೋಡೆಗೆ ಚಿಪ್ಪನ್ನು ಓರೆಯಾಗಿ ಆನಿಸಿ ಸೂರ್ಯನ ಒಂದೊಂದು ಕಿರಣವನ್ನೂ ಮೈಗೆ ತಂದುಕೊಳ್ಳುತ್ತಿತ್ತು. ತುಂಬಿದ ಬಂಡಿಯ ಚಕ್ರವನ್ನೂ ತಾಳುವ ಕವಚವಿದ್ದರೂ ಮಳೆಹನಿಗೆ ಹೆದರಿ ಮೂಲೆ ಸೇರುತ್ತಿತ್ತು. ಬಿಸಿಲೂ ನೆರಳೂ ಎರಡೂ ಎಟುಕುವಂತಿರಬೇಕು, ತೋಡಲು ಸಡಿಲ ಮಣ್ಣಿರಬೇಕು, ಒದ್ದೆಯಿಂದ ದೂರವಾದ ಆಸರೆಯಿರಬೇಕು, ಇವುಗಳಲ್ಲಿ ಯಾವುದನ್ನು ಯಾವಾಗ ಸೇರಬೇಕೆಂಬ ಆಯ್ಕೆ ಆಮೆಯದೇ ಆಗಿರಬೇಕು: ನೆಲದಾಮೆಯ ಹೊರಾಂಗಣ ವಸತಿಯ ತತ್ತ್ವವೆಲ್ಲ ಇಷ್ಟರಲ್ಲಿಯೇ ಇದೆ. ತನ್ನ ದೇಹದ ಉಷ್ಣವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಪ್ರಾಣಿಗೆ ಸ್ಥಳವನ್ನು ಬದಲಿಸುವುದೇ ಆರೋಗ್ಯ. ಆ ಚಲನೆಯನ್ನು ವೈಟ್ ತಡೆಯದೆ ನೋಡಿದನು.

ತನ್ನನ್ನು ಮೂವತ್ತು ವರ್ಷ ಸಲಹಿದ ವೃದ್ಧೆ ಕಣ್ಣಿಗೆ ಬಿದ್ದೊಡನೆ ಆಮೆ ಆಕೆಯತ್ತ ತಡವರಿಸುತ್ತ ಧಾವಿಸುವುದನ್ನೂ ಪರಕೀಯರ ಕಡೆಗೆ ಅದು ಲಕ್ಷ್ಯವನ್ನೇ ಕೊಡದಿರುವುದನ್ನೂ ಅವನು ದಾಖಲಿಸಿದ್ದಾನೆ. ಪ್ರಾಣಿಗಳನ್ನು ಜಡಯಂತ್ರಗಳೆಂದು ವಾದಿಸುವ ತತ್ತ್ವಜ್ಞರು ಯುರೋಪಿನಲ್ಲಿದ್ದ ಶತಮಾನದಲ್ಲಿ, ನಿಂದಿಸಲ್ಪಟ್ಟ ಒಂದು ಸರೀಸೃಪದಲ್ಲಿ ಉಪಕಾರಸ್ಮರಣೆಯನ್ನು ಕಂಡ ಈ ಕಣ್ಣು ಸಾಮಾನ್ಯವಾದುದಲ್ಲ.

ನೋಟದ ಮಿತಿ

ಆದರೆ ಅದೇ ಲೇಖನಿ ಇನ್ನೊಂದು ಮಾತನ್ನೂ ಬರೆಯಿತು. ಬಾಳಿನ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚನ್ನು ಆನಂದವಿಲ್ಲದ ಮಂಪರಿನಲ್ಲಿ ಕಳೆಯುವ ಈ ಪ್ರಾಣಿಗೆ ಸೃಷ್ಟಿಕರ್ತನು ಇಷ್ಟು ದೀರ್ಘಾಯುಷ್ಯವನ್ನು ಏಕೆ ದುಂದುಮಾಡಿದನೋ ಎಂದು ವೈಟ್ ವಿಸ್ಮಯಪಡುತ್ತಾನೆ. ವಾಕ್ಯ ಸೊಗಸಾಗಿದೆ; ವಿನೋದದಿಂದ ಕೂಡಿದೆ. ವಿಚಾರ ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ. ಆಯುಷ್ಯವನ್ನು ಭೋಗದ ಅಳತೆಗೋಲಿನಿಂದ ಅಳೆದಾಗ ಮಾತ್ರ ನಿದ್ರಿಸುವ ಜೀವಿಯ ಆಯುಷ್ಯ ವ್ಯರ್ಥವೆಂದು ತೋರುತ್ತದೆ. ಜೈನ ದರ್ಶನದಲ್ಲಿ ಆಯುಷ್ಯ ಯಾರೋ ಕೊಟ್ಟ ಉಡುಗೊರೆಯಲ್ಲ. ಆಯುಕರ್ಮದ ಉದಯದಿಂದ ಆ ಜೀವಕ್ಕೇ ಸಂದ ಅವಧಿ. ಆಮೆ ಪಂಚೇಂದ್ರಿಯ ತಿರ್ಯಂಚ ಜೀವ. ಅದರ ನಿದ್ರೆ ಅದಕ್ಕೆ ವ್ಯರ್ಥವಲ್ಲ. ಆಹಾರವೂ ಉಷ್ಣವೂ ಇಲ್ಲದ ತಿಂಗಳುಗಳನ್ನು ದಾಟಿಸುವ ಅದರ ಜೀವನೋಪಾಯವೇ ಆ ನಿದ್ರೆ. ಮನುಷ್ಯನ ದೃಷ್ಟಿಗೆ ಮಂಪರಾಗಿ ಕಂಡುದು ಆಮೆಯ ದೃಷ್ಟಿಗೆ ಸಂರಕ್ಷಣೆ.

ಈ ಅಳತೆಯ ದೋಷ ಆಚರಣೆಯಲ್ಲಿಯೂ ಕಾಣಿಸಿಕೊಂಡಿತು. 1780ರಲ್ಲಿ ಅತ್ತೆಯ ಮನೆಯಿಂದ ಆಮೆಯನ್ನು ತರುವಾಗ ಅದು ಇನ್ನೂ ಚಳಿಗಾಲದ ನಿದ್ರೆಯಲ್ಲಿತ್ತು. ಅದನ್ನು ಅಗೆದು ತೆಗೆದು, ಪೆಟ್ಟಿಗೆಯಲ್ಲಿ ಮಣ್ಣು ತುಂಬಿ ಅದರೊಳಗಿರಿಸಿ, ಎಂಬತ್ತು ಮೈಲಿ ದೂರ ಕುದುರೆಗಾಡಿಗಳಲ್ಲಿ ಸಾಗಿಸಲಾಯಿತು. ಗಾಡಿಯ ಕುಲುಕಾಟಕ್ಕೆ ಅದು ಪೂರ್ತಿಯಾಗಿ ಎಚ್ಚೆತ್ತಿತು. ಹೊಸ ತೋಟದಲ್ಲಿ ಬಿಟ್ಟಾಗ ಎರಡು ಸಲ ತೋಟದ ಕೊನೆಯವರೆಗೆ ನಡೆದು, ಸಂಜೆಯ ಚಳಿಗೆ ಮತ್ತೆ ಮಣ್ಣಿನಲ್ಲಿ ಹುದುಗಿಕೊಂಡಿತು. ಅದೇ ವರ್ಷ ಅದು ನೀರಿನಲ್ಲಿಯೂ ಬದುಕಬಲ್ಲುದೇ ಎಂದು ತಿಳಿಯುವ ಕುತೂಹಲದಿಂದ ನೀರು ತುಂಬಿದ ತೊಟ್ಟಿಯಲ್ಲಿ ಅದನ್ನು ಇಳಿಸಲಾಯಿತು. ಅದು ಮುಳುಗಿ ತಳದಲ್ಲಿ ನಡೆಯಿತು, ದಿಗಿಲುಗೊಂಡಂತೆ ಕಂಡಿತು. ಕಿವಿ ಕೇಳಿಸುವುದೇ ಎಂದು ಶಬ್ದದ ಪರೀಕ್ಷೆಯೂ ನಡೆಯಿತು. ವೈಟನಲ್ಲಿ ಕ್ರೌರ್ಯವಿರಲಿಲ್ಲ; ಅದು ನಿಜ. ತನ್ನ ಕುತೂಹಲವನ್ನು ತಣಿಸುವುದಕ್ಕೆ ಆ ಜೀವ ಸದಾ ಕೈಗೆಟುಕುವಂತಿದೆ ಎಂಬ ಭಾವನೆ ಇತ್ತು, ಅದೂ ನಿಜ. ಶಾಸ್ತ್ರ ಪರಿಗ್ರಹವೆಂದು ಕರೆಯುವುದು ಈ ಎರಡನೆಯದನ್ನು. ಪರಿಗ್ರಹದ ಲಕ್ಷಣ ವಸ್ತುವಿನಲ್ಲಿಲ್ಲ, 'ನನ್ನದು' ಎಂಬ ಮೂರ್ಛೆಯಲ್ಲಿದೆ ಎಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನಿರೂಪಿಸುತ್ತದೆ. ಶ್ರಾವಕನು ಮಿತಿ ಹಾಕಿಕೊಳ್ಳಬೇಕಾದ ಬಾಹ್ಯ ಪರಿಗ್ರಹಗಳಲ್ಲಿ ಬರುವ ಧನವೆಂಬ ಪದಕ್ಕೆ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ ಗೋವು ಮೊದಲಾದ ಪಶುಗಳೆಂದೇ ಅರ್ಥ ಹೇಳುತ್ತದೆ. ಮನೆಯ ಪ್ರಾಣಿಯೂ ಲೆಕ್ಕಕ್ಕೆ ಬರಬೇಕಾದ ಪರಿಗ್ರಹವೇ. ಪ್ರೀತಿಯ ಹೆಸರಿಟ್ಟು ಕರೆದ ಮಾತ್ರಕ್ಕೆ ಅದು ಲೆಕ್ಕದಿಂದ ಹೊರಗಾಗುವುದಿಲ್ಲ.

ಬೇಲಿಯ ಬಳಿಯ ಮುಂಜಾನೆ

ಕೃತಿಯ ಅತ್ಯಂತ ಮುಖ್ಯವಾದ ಸಾಕ್ಷ್ಯ ಇನ್ನೂ ಉಳಿದಿದೆ. ಪ್ರತಿ ವರ್ಷ ಜೂನ್ ತಿಂಗಳ ಆರಂಭದಲ್ಲಿ ಈ ಮಂದಗಾಮಿಯ ನಡತೆಯೇ ಬದಲಾಗುತ್ತಿತ್ತೆಂದು ವೈಟ್ ಬರೆಯುತ್ತಾನೆ. ಮುಂಜಾನೆ ಐದು ಗಂಟೆಗೇ ಎದ್ದು, ಕಾಲ ತುದಿಯ ಮೇಲೆ ನಿಂತಂತೆ ಮೈಯೆತ್ತಿ ತೋಟವನ್ನೆಲ್ಲ ಸುತ್ತಿ, ಬೇಲಿಯ ಒಂದೊಂದು ಗೇಟನ್ನೂ ಒಂದೊಂದು ಸಂದನ್ನೂ ಅದು ಪರೀಕ್ಷಿಸುತ್ತಿತ್ತು. ಸಾಧ್ಯವಾದರೆ ತಪ್ಪಿಸಿಕೊಂಡು ದೂರದ ಹೊಲಗಳಿಗೆ ಹೋಗುತ್ತಿತ್ತು. ಸಂಗಾತಿಯ ಹಂಬಲವೇ ಇದಕ್ಕೆ ಕಾರಣವೆಂದು ಅವನು ಸರಿಯಾಗಿಯೇ ಊಹಿಸಿದನು. 1784ರಲ್ಲಿ ಅದು ಗೇಟು ದಾಟಿ ಹೋಗಿ ವಾರಕ್ಕೂ ಹೆಚ್ಚು ಕಾಲ ಕಾಣೆಯಾಗಿ, ಕೊನೆಗೆ ಒಂದು ಸಣ್ಣ ಬೀನ್ಸ್ ಹೊಲದಲ್ಲಿ ಸಿಕ್ಕಿತು. ಅದೇ ವರ್ಷದ ಆಗಸ್ಟಿನಲ್ಲಿ ವೈಟ್ ತನ್ನ ಗೆಳೆಯನ ಮಗಳಿಗೆ ಆಮೆಯ ಹೆಸರಿನಲ್ಲಿಯೇ ಒಂದು ವಿನೋದಪತ್ರವನ್ನು ಬರೆದನು. ಆ ಪತ್ರದಲ್ಲಿ ಆಮೆ ತನ್ನನ್ನು ತೂಗುವ, ನೀರಿಗಿಳಿಸುವ ಉಪದ್ರವಗಳನ್ನು ದೂರುತ್ತದೆ. ಗುಡ್ಡದಲ್ಲಿ ತನ್ನ ಜಾತಿಯವರು ಇರಬಹುದೆಂಬ ಆಸೆಯಿಂದಲೇ ಓಡಿಹೋದೆನೆಂದು ಹೇಳಿಕೊಳ್ಳುತ್ತದೆ.

ವೈಟನಿಗೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಅವನಿಗೆ ಎಲ್ಲವೂ ತಿಳಿದಿತ್ತು. ತಿಳಿದುದು ವಿನೋದವಾಗಿ ಹರಿದುಹೋಯಿತು, ಕರ್ತವ್ಯವಾಗಿ ನಿಲ್ಲಲಿಲ್ಲ. ಇನ್ನೊಂದು ವಿಷಯ ಮಾತ್ರ ಅವನಿಗೂ ತಿಳಿಯಲಿಲ್ಲ. ಆಮೆ ಸತ್ತ ಎಷ್ಟೋ ಕಾಲದ ಮೇಲೆ ಚಿಪ್ಪನ್ನು ಪರೀಕ್ಷಿಸಿದ ಪ್ರಾಣಿಶಾಸ್ತ್ರಜ್ಞರು ಅದು ಹೆಣ್ಣೆಂದು ಕಂಡುಕೊಂಡರು. ಐವತ್ತು ವರ್ಷಗಳಿಗೂ ಮಿಕ್ಕಿ ಗಂಡು ಹೆಸರಿನಿಂದ ಕರೆಯಿಸಿಕೊಂಡು, ತನ್ನ ಜಾತಿಯ ಒಂದು ಜೀವವನ್ನೂ ಕಾಣದೆ, ಪ್ರತಿ ಜೂನಿನ ಮುಂಜಾನೆ ಅವಳು ಬೇಲಿಯನ್ನು ತಡವುತ್ತಿದ್ದಳು. ಇಂಗ್ಲಿಷ್ ಲೇಖಕಿ ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ 1946ರಲ್ಲಿ ಈ ಆಮೆಯ ಕುರಿತ ದಿನಚರಿ ಮತ್ತು ಪತ್ರಭಾಗಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. 2006ರಲ್ಲಿ ಅಮೆರಿಕದ ವರ್ಲಿನ್ ಕ್ಲಿಂಕನ್‌ಬೋರ್ಗ್ ಆಮೆಯೇ ಮನುಷ್ಯರನ್ನು ನೋಡಿ ನುಡಿಯುವಂತೆ ಒಂದು ಕೃತಿಯನ್ನು ರಚಿಸಿದರು. ನೋಡಿದವನು ಯಾರು, ನೋಡಿಸಿಕೊಂಡವಳು ಯಾರು ಎಂಬ ಪ್ರಶ್ನೆ ಹೀಗೆ ಇಂಗ್ಲಿಷ್ ಸಾಹಿತ್ಯದಲ್ಲಿಯೇ ಎದ್ದಿದೆ. ಆದರೆ ಆ ಪ್ರಶ್ನೆಗೆ ಬೇಕಾದ ಖಚಿತ ಪರಿಭಾಷೆ ಜೈನ ಆಚಾರಶಾಸ್ತ್ರದಲ್ಲಿ ಬಹು ಹಿಂದೆಯೇ ಸಿದ್ಧವಾಗಿತ್ತು.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪ್ರತಿಯೊಬ್ಬ ಶ್ರಾವಕನೂ ಬಲ್ಲ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಬಂಧವೆಂದಾಗ ಸಾಮಾನ್ಯವಾಗಿ ಹಗ್ಗ, ಸರಪಳಿ, ಪಂಜರಗಳು ಕಣ್ಣ ಮುಂದೆ ಬರುತ್ತವೆ. ಪೂಜ್ಯಪಾದರ ವಿವರಣೆ ಅದಕ್ಕಿಂತ ಸೂಕ್ಷ್ಮವಾದುದು. ಜೀವಿಯೊಂದು ತಾನು ಬಯಸಿದ ಸ್ಥಳಕ್ಕೆ ಹೋಗುವುದಕ್ಕೆ ಅಡ್ಡಿಯಾಗುವ ಕಾರಣವೇ ಬಂಧವೆಂದು ಅವರು ಅರ್ಥೈಸುತ್ತಾರೆ. ಈ ಲಕ್ಷಣದಲ್ಲಿ ಹಗ್ಗದ ಮಾತಿಲ್ಲ, ನೋವಿನ ಮಾತೂ ಇಲ್ಲ. ಜೀವಿಯ ಇಚ್ಛೆಯ ಮಾತಿದೆ. ಸುಂದರವಾದ ತೋಟ, ಹೊಟ್ಟೆತುಂಬ ಲೆಟ್ಯೂಸ್, ಪ್ರೀತಿಯ ಒಡೆಯ, ಇವು ಮೂರೂ ಇದ್ದರೂ ಬೇಲಿಯ ಬಳಿಗೆ ಬಂದ ಆಮೆಯ ದೃಷ್ಟಿಯಿಂದ ಅದು ಬಂಧವೇ. ವೈಟನ ಕೃತಿಯ ಆ ಒಂದು ಪುಟವನ್ನು ಈ ವ್ಯಾಖ್ಯಾನದ ಬೆಳಕಿನಲ್ಲಿ ಓದಿದಾಗ ಅದರ ವಿನೋದ ಮಾಯವಾಗಿ ಹೊಣೆ ಕಾಣಿಸತೊಡಗುತ್ತದೆ.

ಆಶ್ರಯವೋ ಬಂಧವೋ?

ಇಲ್ಲಿ ಒಂದು ಪೂರ್ವಪಕ್ಷವಿದೆ; ಅದಕ್ಕೆ ನ್ಯಾಯವಾಗಿ ಉತ್ತರ ಹೇಳಬೇಕು. ಆ ವೃದ್ಧೆಯಾಗಲಿ ವೈಟನಾಗಲಿ ಇನ್ನೇನು ಮಾಡಬಹುದಿತ್ತು? ಹುಟ್ಟಿದ ನಾಡಿಗೆ ಮರಳಿಸುವ ದಾರಿ ಅವರಿಗಿರಲಿಲ್ಲ. ಬೇಲಿ ತೆರೆದು ಬಿಟ್ಟಿದ್ದರೆ ಆಮೆ ಇಂಗ್ಲೆಂಡಿನ ಹಿಮದಲ್ಲಿ ಸಾಯುತ್ತಿತ್ತು, ಇಲ್ಲವೇ ಬಂಡಿದಾರಿಯಲ್ಲಿ ಜಜ್ಜಿಹೋಗುತ್ತಿತ್ತು. ಬೇಲಿಯೇ ಅದನ್ನು ಕಾಪಾಡಿತು. ಈ ಮಾತು ಸತ್ಯ. ಆದರೆ ಇದರಿಂದ ತಿಳಿಯುವುದು ಎರಡು ಸಂಗತಿ. ಮೊದಲನೆಯದು, ದೋಷ ಬೇಲಿ ಕಟ್ಟಿದ ದಿನದ್ದಲ್ಲ, ಅರ್ಧ ಕ್ರೌನ್ ಕೊಟ್ಟ ದಿನದ್ದು. ಕೊಳ್ಳುವವನಿದ್ದುದರಿಂದಲೇ ನಾವಿಕನು ಅದನ್ನು ತಂದನು. ಸ್ವತಃ ಮಾಡುವುದು, ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಎಂಬ ಕೃತ-ಕಾರಿತ-ಅನುಮೋದನೆಗಳ ವಿಚಾರ ಇಲ್ಲಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ. ಎರಡನೆಯದು, ಒಮ್ಮೆ ಕೈಗೆ ಬಂದು ಮರಳಿಸಲಾಗದ ಜೀವಿಗೆ ಪೂರ್ಣವಾದ ಪಾಲನೆ ಸಲ್ಲಬೇಕಾದ ಋಣ. ಅದು ಔದಾರ್ಯವಲ್ಲ.

ಆ ಋಣದ ಸ್ವರೂಪವನ್ನು ಉಳಿದ ಅತಿಚಾರಗಳೇ ತಿಳಿಸುತ್ತವೆ. ಆಮೆಯ ಚಿಪ್ಪು ಜೀವವಿಲ್ಲದ ಹೊದಿಕೆಯಲ್ಲ. ಬೆನ್ನುಮೂಳೆ ಪಕ್ಕೆಲುಬುಗಳೊಡನೆ ಕೂಡಿ ಬೆಳೆದ, ನರ ಮತ್ತು ರಕ್ತಸಂಚಾರವಿರುವ ಮೂಳೆ. ಅದಕ್ಕೆ ತೂತು ಕೊರೆದು ದಾರ ಕಟ್ಟುವುದು ಇಂಗ್ಲೆಂಡಿನಲ್ಲಿ ಹಿಂದೆ ವಾಡಿಕೆಯಾಗಿತ್ತು; ಅದು ಬಂಧದ ಜೊತೆಗೆ ಛೇದವೂ ಆಯಿತು. ಅನ್ನಪಾನನಿರೋಧವೆಂದರೆ ಉಪವಾಸ ಕೆಡವುವುದಷ್ಟೇ ಎಂದು ತಿಳಿಯುವುದು ಸಂಕುಚಿತ ಅರ್ಥ. ಹುಲ್ಲು, ಸೊಪ್ಪು, ಕಳೆಗಿಡಗಳ ನಾರಿನಿಂದ ಬದುಕುವ ಪ್ರಾಣಿಗೆ ಅನ್ನ, ಹಾಲು, ಬ್ರೆಡ್ಡು, ಸಿಹಿಹಣ್ಣುಗಳನ್ನೇ ಉಣಿಸಿದರೆ ಹೊಟ್ಟೆ ತುಂಬಿಯೂ ಅದು ಹಸಿದೇ ಇರುತ್ತದೆ. ಮೂಳೆಗೆ ಬೇಕಾದ ಸುಣ್ಣದ ಅಂಶ ದೊರೆಯದೆ ಚಿಪ್ಪು ಮೆತ್ತಗಾಗುತ್ತದೆ, ಇಲ್ಲವೇ ವಿಕಾರವಾಗಿ ಬೆಳೆಯುತ್ತದೆ.

ವೈಟನ ಕಾಲಕ್ಕೆ ತಿಳಿಯದಿದ್ದ ಒಂದು ಸಂಗತಿ ಇಂದು ತಿಳಿದಿದೆ. ಸುಣ್ಣದ ಅಂಶ ಮೈಗೂಡಲು ಆಮೆಯ ಚರ್ಮದ ಮೇಲೆ ಸೂರ್ಯನ ಅತಿನೇರಳೆ ಕಿರಣಗಳು ಬೀಳಬೇಕು. ಕಿಟಕಿಯ ಸಾಮಾನ್ಯ ಗಾಜು ಆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದುದರಿಂದ ಕೋಣೆಯೊಳಗೆ ಬಿಸಿಲು ಬೀಳುವ ಮೂಲೆಯಲ್ಲಿರಿಸಿದ ಆಮೆ ಬೆಳಕಿನಲ್ಲಿದ್ದೂ ಕತ್ತಲಲ್ಲಿದ್ದಂತೆ. ಒಳಾಂಗಣದಲ್ಲಿರಿಸಲೇಬೇಕಾದ ಸಂದರ್ಭದಲ್ಲಿ ಅದಕ್ಕೆಂದೇ ತಯಾರಾದ ದೀಪ ಬೇಕು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿ ಇರುವಷ್ಟು ವಿಶಾಲ ಸ್ಥಳ ಬೇಕು. ಕಾಲು ಜಾರದ ಮಣ್ಣಿನ ನೆಲ ಬೇಕು. ಗಾಜಿನ ತೊಟ್ಟಿ ಸಲ್ಲದು. ಗಾಜನ್ನು ತಡೆಯೆಂದು ಅರಿಯದ ಆಮೆ ದಿನವಿಡೀ ಅದಕ್ಕೆ ಮೂತಿಯೊತ್ತುತ್ತ ಅಲೆಯುತ್ತದೆ. ಹೊರಾಂಗಣದಲ್ಲಿ ಗೋಡೆ ಆಚೆ ಕಾಣದಂತಿರಬೇಕು, ಅದರ ಬುಡ ಮಣ್ಣಿನೊಳಗೂ ಇಳಿದಿರಬೇಕು. ನಾಯಿ, ಕಾಗೆ, ಇಲಿಗಳಿಂದ ರಕ್ಷಣೆಯಿರಬೇಕು. ಕುಡಿಯಲು ಆಳವಿಲ್ಲದ ತಟ್ಟೆ ಸಾಕು. ಅಂಗಾತ ಬಿದ್ದ ಆಮೆ ತಾನಾಗಿ ಹೊರಳಲಾರದೆ ಬಿಸಿಲಿನಲ್ಲಿ ಸಾಯಬಹುದೆಂಬುದನ್ನು ಮರೆಯಬಾರದು. ಐವತ್ತು ವರ್ಷ ಬಾಳಬಲ್ಲ ಜೀವಿ ಒಡೆಯನ ತರುವಾಯವೂ ಉಳಿಯುತ್ತದೆ. ತಿಮೋತಿಗೆ ಒದಗಿದ ಸೋದರಳಿಯ ಎಲ್ಲ ಆಮೆಗಳಿಗೂ ಒದಗುವುದಿಲ್ಲ.

ಇಲ್ಲಿಯೇ ಕೃತಿಯ ಬಗೆಗೆ ಒಂದು ಎಚ್ಚರಿಕೆಯನ್ನು ಹೇಳಬೇಕು. ತಿಮೋತಿಯ ದೀರ್ಘಾಯುಷ್ಯ ಅಪವಾದ. ಅದನ್ನು ನಿಯಮವೆಂದು ಬಗೆದರೆ ಅನರ್ಥ. ಇಪ್ಪತ್ತನೆಯ ಶತಮಾನದಲ್ಲಿ ಮೆಡಿಟರೇನಿಯನ್ ನಾಡುಗಳಿಂದ ಲಕ್ಷಗಟ್ಟಲೆ ಆಮೆಗಳು ಬ್ರಿಟನ್ನಿನ ಮನೆಗಳಿಗೆ ಬಂದವು. ಅವುಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಸತ್ತವು. ಕಾಡಿನಿಂದ ಹಿಡಿದ ಆ ಜಾತಿಗಳ ವ್ಯಾಪಾರಕ್ಕೆ ಅಲ್ಲಿ 1984ರಲ್ಲಿ ತಡೆ ಬಿತ್ತು. ಸತ್ತ ಆಮೆಗಳ ದಿನಚರಿಯನ್ನು ಯಾರೂ ಬರೆಯಲಿಲ್ಲ. ಬದುಕಿದ ಒಂದರ ಚರಿತ್ರೆ ಸಾಹಿತ್ಯವಾಯಿತು.

ಕನ್ನಡನಾಡಿನ ಮನೆಗಳಿಗೂ ಬಸದಿಗಳಿಗೂ

ಈ ವಿಚಾರ ಸೆಲ್ಬೋರ್ನಿಗೆ ಮಾತ್ರ ಸಲ್ಲುವುದಲ್ಲ. ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ ಚಿಪ್ಪುಳ್ಳ ನಕ್ಷತ್ರ ಆಮೆ ದಕ್ಷಿಣ ಭಾರತದ ಕುರುಚಲು ಕಾಡುಗಳಲ್ಲಿಯೂ ಗುಜರಾತ್, ರಾಜಸ್ಥಾನಗಳ ಒಣನೆಲದಲ್ಲಿಯೂ ಶ್ರೀಲಂಕೆಯಲ್ಲಿಯೂ ವಾಸಿಸುವ ಜೀವಿ. ಅದರ ಚೆಲುವೇ ಅದಕ್ಕೆ ಮೃತ್ಯುವಾಯಿತು. ಮನೆಯಲ್ಲಿ ಸಾಕುವ ಆಸೆಗೆಂದು ಅದನ್ನು ಕದ್ದು ಸಾಗಿಸುವ ವ್ಯಾಪಾರ ದೇಶದೇಶಗಳಿಗೆ ಹಬ್ಬಿದುದರಿಂದ 2019ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಯ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಅದನ್ನು ಸೇರಿಸಲಾಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿರಿಸುವುದು ಎಲ್ಲವೂ ಅಪರಾಧ. ಶುಭದ ನಂಬಿಕೆ ಇದಕ್ಕೆ ವಿನಾಯಿತಿಯಲ್ಲ. ಒಂದು ಜೀವದ ಬಂಧನದಿಂದ ಇನ್ನೊಂದು ಮನೆಗೆ ಶುಭ ಬರುವುದೆಂಬ ಎಣಿಕೆಗೆ ಜೈನ ಕರ್ಮಸಿದ್ಧಾಂತದಲ್ಲಿ ಯಾವ ಆಧಾರವೂ ಇಲ್ಲ.

ಇದಕ್ಕಿಂತ ನಾಜೂಕಾದುದು ದಯೆಯ ಹೆಸರಿನ ಬಿಡುಗಡೆ. ಅಂಗಡಿಯಲ್ಲಿ ಕಂಡ ಆಮೆಯನ್ನು ಹಣ ಕೊಟ್ಟು ಬಿಡಿಸಿ ಕೊಳಕ್ಕೆ ಬಿಡುವುದನ್ನು ಅಭಯದಾನವೆಂದು ಹಲವರು ನಂಬುತ್ತಾರೆ. ಕೊಟ್ಟ ಹಣ ಮಾರುವವನ ಪಾಲಿಗೆ ಮತ್ತೊಂದು ಆಮೆಯನ್ನು ಹಿಡಿಯುವ ಬಂಡವಾಳ. ಬಿಟ್ಟ ಜೀವಿಯ ಗತಿಯೂ ಚಿಂತಾಜನಕವೇ. ಕನ್ನಡದಲ್ಲಿ ಆಮೆಯೆಂಬ ಒಂದೇ ಮಾತು ನೆಲದಾಮೆಗೂ ನೀರಿನ ಆಮೆಗೂ ಸಲ್ಲುವುದರಿಂದ ಎಲ್ಲ ಆಮೆಗಳೂ ಈಜುತ್ತವೆಂಬ ಭ್ರಮೆ ಬೆಳೆದಿದೆ. ಕಂಬದಂತಹ ಕಾಲುಗಳೂ ಗುಮ್ಮಟದಂತಹ ಚಿಪ್ಪೂ ಉಳ್ಳ ನೆಲದಾಮೆ ಆಳವಾದ ಕಲ್ಲುಮೆಟ್ಟಿಲ ಕೊಳದಲ್ಲಿ ಮುಳುಗಿ ಸಾಯುತ್ತದೆ. ವೈಟನ ತೊಟ್ಟಿಯಲ್ಲಿ ದಿಗಿಲುಗೊಂಡ ತಿಮೋತಿಯನ್ನು ಒಬ್ಬನಾದರೂ ನೋಡುತ್ತಿದ್ದನು. ಪುಷ್ಕರಿಣಿಗೆ ಬಿದ್ದ ಆಮೆಯನ್ನು ನೋಡುವವರು ಯಾರು?

ಪೇಟೆಯಲ್ಲಿ ನಾಣ್ಯದಷ್ಟು ಪುಟ್ಟ ಮರಿಗಳಾಗಿ ಮಾರಾಟವಾಗುವ ಕೆಂಪುಕಿವಿಯ ಆಮೆಯ ಕಥೆ ಬೇರೆ. ಅದು ಉತ್ತರ ಅಮೆರಿಕದ ನೀರಿನ ಆಮೆ. ಬೆಳೆದು ಅಂಗೈ ಮೀರಿದಾಗ ಮನೆಯವರು ಬೇಸತ್ತು ಅದನ್ನು ಕೆರೆಗೋ ಕೊಳಕ್ಕೋ ಸಾಗಿಸುತ್ತಾರೆ. ಅಲ್ಲಿ ಅದು ಬದುಕುತ್ತದೆ; ಆದರೆ ಆಹಾರಕ್ಕೂ ಬಿಸಿಲು ಕಾಯುವ ಕಲ್ಲಿಗೂ ಸ್ಥಳೀಯ ಆಮೆಗಳೊಡನೆ ಪೈಪೋಟಿಗಿಳಿದು ಅವುಗಳನ್ನು ಹಿಂದಕ್ಕೆ ತಳ್ಳುತ್ತದೆ. ಒಂದು ಜೀವಕ್ಕೆ ತೋರಿದ ದಯೆ ಹಲವು ಜೀವಗಳ ಅನ್ನಪಾನನಿರೋಧವಾಗಿ ಪರಿಣಮಿಸುತ್ತದೆ.

ಆದುದರಿಂದ ಮನೆಯವರು ಮಾಡಬಹುದಾದುದು ಸರಳವಾಗಿದೆ: ಯಾವ ಆಮೆಯನ್ನೂ ಕೊಳ್ಳದಿರುವುದು, ನಕ್ಷತ್ರ ಆಮೆ ಕೈಗೆ ಬಂದಿದ್ದರೆ ಮುಚ್ಚಿಡದೆ ಅರಣ್ಯ ಇಲಾಖೆಗೆ ಒಪ್ಪಿಸುವುದು, ಈಗಾಗಲೇ ಮನೆಯಲ್ಲಿರುವ ವಿದೇಶೀ ಆಮೆಯನ್ನು ಬೀದಿಗೋ ಕೆರೆಗೋ ಬಿಡದೆ ಅದರ ಬಾಳಿನ ಕೊನೆಯವರೆಗೆ ಸರಿಯಾದ ವಸತಿ, ಆಹಾರ, ವೈದ್ಯೋಪಚಾರಗಳೊಡನೆ ನೋಡಿಕೊಳ್ಳುವುದು. ಬಸದಿಯ ಆಡಳಿತ ಮಂಡಳಿಗಳು ಕೊಳಕ್ಕೆ ಪ್ರಾಣಿಗಳನ್ನು ಬಿಡುವುದನ್ನು ಸ್ವೀಕರಿಸದಿರುವುದು; ಕೊಳದಲ್ಲಿ ಈಗಾಗಲೇ ಇರುವ ಆಮೆಗಳು ಯಾವ ಜಾತಿಯವೆಂದು ಬಲ್ಲವರಿಂದ ತಿಳಿದುಕೊಳ್ಳುವುದು; ಅವು ನೀರಿನಿಂದ ಮೇಲೆ ಬಂದು ಬಿಸಿಲು ಕಾಯಲು ಒಂದು ಇಳಿಜಾರಿನ ದಡವನ್ನೂ ಮೊಟ್ಟೆಯಿಡಲು ಸ್ವಲ್ಪ ಮರಳು ನೆಲವನ್ನೂ ಕಲ್ಲು ಹಾಸದೆ ಉಳಿಸುವುದು; ಭಕ್ತರು ಎಸೆಯುವ ಮಂಡಕ್ಕಿ, ಬ್ರೆಡ್ಡುಗಳಿಂದ ನೀರು ಕೆಡದಂತೆ ನೋಡುವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ವೆಚ್ಚವಿಲ್ಲ.

ಗಿಲ್ಬರ್ಟ್ ವೈಟನ ಕೃತಿಯನ್ನು ತಿರಸ್ಕರಿಸುವುದು ಈ ವಿಮರ್ಶೆಯ ಆಶಯವಲ್ಲ. ಅಷ್ಟು ತಾಳ್ಮೆಯಿಂದ ನೋಡಿದವರು ವಿರಳ. ಬೇಲಿಯ ಬಳಿಯ ಆ ದೃಶ್ಯವನ್ನು ಮರೆಮಾಚದೆ ಬರೆದಿಟ್ಟುದು ಅವನ ಪ್ರಾಮಾಣಿಕತೆ. ಅವನ ತಪ್ಪನ್ನು ತೋರಿಸುವ ಸಾಕ್ಷ್ಯವೂ ಅವನ ಲೇಖನಿಯಿಂದಲೇ ದೊರೆತುದು. ಬಸದಿಯಲ್ಲಿ ಮುನಿಸುವ್ರತನಾಥರ ಪೀಠದ ಮೇಲಿನ ಆಮೆಗೆ ಬೇಲಿಯಿಲ್ಲ. ಅದರ ಮುಂದೆ ಕೈಮುಗಿದು ಮನೆಗೆ ಮರಳಿದ ಶ್ರಾವಕನ ಅಂಗಳದಲ್ಲಿ ಜೀವಂತ ಆಮೆಯೊಂದು ಗೋಡೆಯನ್ನು ತಡವುತ್ತಿದ್ದರೆ, ಅದು ಎಲ್ಲಿಗೆ ಹೋಗಬಯಸುತ್ತದೆಂದು ಒಂದು ಸಲ ನಿಂತು ಕೇ��ಿಕೊಳ್ಳುವುದು ಅವನ ವ್ರತಕ್ಕೆ ಸೇರಿದ ಕೆಲಸ.